ದೋಣಿಯ ಎಂಜಿನ್ ಸ್ಟಾರ್ಟ್ ಆಗುತ್ತಿಲ್ವಾ? ಹಗ್ಗ ಬಿಡಿ, ಈ ಸಾಲಿನಲ್ಲಿ ನೋಡುತ್ತಾ ಬನ್ನಿ

ಜೂನ್ 1ಕ್ಕೆ ಟ್ರಾಲರ್‌ಗಳು ದಡ ಸೇರುತ್ತವೆ. ಜುಲೈ 31ರವರೆಗೆ, 61 ದಿನ, ಮೀನುಗಾರಿಕೆ ನಿಷೇಧ ಇರುವುದರಿಂದ ಅವು ಕಡಲಿಗೆ ಇಳಿಯುವ ಹಾಗಿಲ್ಲ. ನಮ್ಮ ಕರಾವಳಿಯಲ್ಲಿ ಅಲ್ಲಿಂದ ನಾಡದೋಣಿಯವರ ಸರದಿ. ಆದರೆ ಅಷ್ಟೊತ್ತಿಗೆ ಎಷ್ಟೋ ಮನೆಗಳಲ್ಲಿ ಎಂಜಿನ್ ಎರಡು ಮೂರು ತಿಂಗಳು ಮೂಲೆಯಲ್ಲಿ ಗೋಣಿ ಹೊದ್ದು ಕೂತಿರುತ್ತದೆ. ಹೊರಗೆ ತೆಗೆದು ದೋಣಿಗೆ ಕಟ್ಟಿ ಹಗ್ಗ ಎಳೆದರೆ ಸದ್ದೇ ಇಲ್ಲ.

ಆಗ ನನಗೆ ಬರುವ ಫೋನುಗಳಲ್ಲಿ ಹೆಚ್ಚಿನವು ಒಂದೇ ಥರ. ಐವತ್ತು ಸಲ ಹಗ್ಗ ಎಳೆದಾಗಿರುತ್ತದೆ, ಪೆಟ್ರೋಲನ್ನು ಗಾಳಿಯ ಜೊತೆ ಬೆರೆಸುವ ಕಾರ್ಬ್ಯುರೇಟರ್ ಬಿಚ್ಚಿ ಹರಡಿ ಆಗಿರುತ್ತದೆ, ಕಿಡಿ ಹಾರಿಸುವ ಪ್ಲಗ್ಗೂ ಹೊಸದು ಹಾಕಿ ಆಗಿರುತ್ತದೆ, ಆದರೂ ಎಂಜಿನ್ ಕೂಗುವುದಿಲ್ಲ. ನಾಲ್ಕು ಕಡೆ ಕೈ ಹಾಕಿದ್ದರಿಂದ ಮೊದಲಿದ್ದ ತೊಂದರೆ ಯಾವುದು, ನಾವೇ ಮಾಡಿಕೊಂಡದ್ದು ಯಾವುದು ಅಂತ ಗೊತ್ತಾಗದ ಸ್ಥಿತಿಗೆ ಬಂದಿರುತ್ತಾರೆ. ಕೆಲಸ ಬರುವುದಿಲ್ಲ ಅಂತಲ್ಲ, ಸಾಲು ತಪ್ಪಿರುತ್ತದೆ ಅಷ್ಟೇ.

ಇಲ್ಲಿ ಬರೆದಿರುವುದು ಹಗ್ಗ ಎಳೆದು ಸ್ಟಾರ್ಟ್ ಮಾಡುವ ಟೂ-ಸ್ಟ್ರೋಕ್ ಔಟ್‌ಬೋರ್ಡ್, ಅಂದರೆ ದೋಣಿಯ ಹಿಂದೆ ಹೊರಗೆ ಕಟ್ಟುವ ಎಂಜಿನ್‌ಗಳ ಬಗ್ಗೆ. ಪೆಟ್ರೋಲ್‌ನಲ್ಲಿ ಓಡುವವು, ಪೆಟ್ರೋಲ್‌ನಲ್ಲಿ ಸ್ಟಾರ್ಟ್ ಆಗಿ ಸೀಮೆಎಣ್ಣೆಯಲ್ಲಿ ಓಡುವವು, ಎರಡೂ. ದೋಣಿಯ ಒಳಗೆ ಕೂರಿಸುವ ಡೀಸೆಲ್ ಇನ್‌ಬೋರ್ಡ್ ಬೇರೆಯದೇ ಕಥೆ, ಅದನ್ನು ಇಲ್ಲಿ ಎಳೆಯುವುದಿಲ್ಲ.

## ನೀರಿನ ಮೇಲಿದ್ದೀರಾ? ಹಾಗಾದರೆ ಎಂಜಿನ್ ಆಮೇಲೆ

ಎಂಜಿನ್ ನಿಂತ ಕೂಡಲೇ ಎಲ್ಲರ ಕಣ್ಣೂ ಎಂಜಿನ್ ಮೇಲೇ ಇರುತ್ತದೆ. ಅಷ್ಟರಲ್ಲಿ ದೋಣಿ ಅಲೆಗೆ ಅಡ್ಡ ತಿರುಗಿರುತ್ತದೆ. ಅಳಿವೆಯ ಹತ್ತಿರ ಆದರಂತೂ ಎರಡು ನಿಮಿಷದಲ್ಲಿ ದೋಣಿ ಎಲ್ಲಿಗೆ ಹೋಗಿ ಬಡಿಯುತ್ತದೆ ಹೇಳಲಾಗುವುದಿಲ್ಲ.

ಮೊದಲು ಲಂಗರು ಬಿಡಿ. ಅದೂ ದೋಣಿಯ ಮುಂದಿನ ತುದಿಯಿಂದ. ಹಿಂದಿನಿಂದ ಬಿಟ್ಟರೆ ಅಲೆ ನೇರವಾಗಿ ಎಂಜಿನ್ ಇರುವ ಕಡೆಯೇ ಒಳಗೆ ನುಗ್ಗುತ್ತದೆ. ಆಮೇಲೆ ಎಲ್ಲರೂ ಲೈಫ್ ಜಾಕೆಟ್ ಹಾಕಿ, ಹುಟ್ಟು ಕೈಗೆ ಸಿಗುವ ಹಾಗೆ ಇಡಿ. ದಡಕ್ಕೆ, ಹತ್ತಿರದ ದೋಣಿಗೆ ಒಂದು ಫೋನ್ ಮಾಡಿ ಎಲ್ಲಿದ್ದೀರಿ ಅಂತ ಹೇಳಿಡಿ. ಪರಿಸ್ಥಿತಿ ಕೈಮೀರುವ ಹಾಗೆ ಕಂಡರೆ ಕೋಸ್ಟ್ ಗಾರ್ಡ್‌ನ 1554ಕ್ಕೆ ಕರೆ ಮಾಡಿ, ವಿಎಚ್‌ಎಫ್ ವೈರ್‌ಲೆಸ್ ಸೆಟ್ ಇದ್ದರೆ 16ನೇ ಚಾನೆಲ್. ಕರೆ ಮಾಡಲು ನಾಚಿಕೆ ಪಡಬೇಡಿ, ಕತ್ತಲಾಗುವವರೆಗೆ ಕಾಯಲೂ ಬೇಡಿ.

ಇಷ್ಟಾದ ಮೇಲೆ ಕವರ್ ತೆಗೆಯಿರಿ. ಕವರ್ ತೆಗೆದ ಎಂಜಿನ್ ಮೇಲೆ, ಹಗ್ಗ ಎಳೆದಾಗ ಫ್ಲೈವೀಲ್ ಅನ್ನುವ ಭಾರದ ಚಕ್ರ ತಿರುಗುತ್ತದೆ. ಲುಂಗಿಯ ತುದಿ, ಹೆಗಲ ಮೇಲಿನ ಬೈರಾಸು, ಕತ್ತಿನ ದಾರ ಯಾವುದೂ ಅದರ ಹತ್ತಿರ ಬರಬಾರದು. ಬೀಡಿ ಸಿಗರೇಟು ಪೂರ್ತಿ ಬಂದ್.

## ಕೈಯಲ್ಲಿ ಇರಬೇಕಾದ ಸಾಮಾನು

ಒಂದು ಡಬ್ಬಿಯಲ್ಲಿ ಹಿಡಿಯುವಷ್ಟೇ ಸಾಮಾನು. ಪ್ಲಗ್ ಸ್ಪ್ಯಾನರ್, ನಿಮ್ಮ ಎಂಜಿನ್‌ಗೆ ಹೊಂದುವ ಎರಡು ಹೊಸ ಪ್ಲಗ್, 10 ಮತ್ತು 12ರ ಸ್ಪ್ಯಾನರ್, ಚಪ್ಪಟೆ ಮತ್ತು ಸ್ಟಾರ್ ಸ್ಕ್ರೂಡ್ರೈವರ್, ಹಿಡಿಗೆ ರಬ್ಬರ್ ಇರುವ ಇಕ್ಕಳ, ಸಣ್ಣ ಎಮರಿ ಪೇಪರ್, ಹಳೇ ಹಲ್ಲುಜ್ಜುವ ಬ್ರಷ್, ಒಣ ಬಟ್ಟೆ, ಬಣ್ಣವಿಲ್ಲದ ಗಾಜಿನ ಬಾಟಲಿ ಒಂದು. ಸ್ಟಾರ್ಟಿಂಗ್ ಹಗ್ಗ ತುಂಡಾದರೆ ಬೇಕಾಗುತ್ತದೆ, ಎರಡು ಮೀಟರ್ ಗಟ್ಟಿ ನೈಲಾನ್ ಹಗ್ಗ ಸೇರಿಸಿ. ಸುರಕ್ಷತೆಯ ಕೆಂಪು ಕ್ಲಿಪ್ ಇನ್ನೊಂದು ಇರಲೇಬೇಕು. ಯಾಕೆ ಅಂತ ಮುಂದಿನ ಹಂತದಲ್ಲೇ ಗೊತ್ತಾಗುತ್ತದೆ.

ದಡದಲ್ಲಿ ಕೆಲಸ ಮಾಡುವವರಿಗೆ ನೀರು ತುಂಬಿದ ದೊಡ್ಡ ಡ್ರಮ್ಮೂ ಬೇಕು. ಪ್ರೊಪೆಲ್ಲರ್ ಮೇಲೆ ಚಪ್ಪಟೆಯಾದ ಒಂದು ತಟ್ಟೆ ಇದೆಯಲ್ಲ, ಅದು ಮುಳುಗಿ ಇನ್ನೂ ಸ್ವಲ್ಪ ಮೇಲೆ ನೀರು ನಿಲ್ಲಬೇಕು. "ಒಂದೇ ನಿಮಿಷ, ಸ್ಟಾರ್ಟ್ ಆಗುತ್ತಾ ನೋಡೋಣ" ಅಂತ ಒಣ ನೆಲದಲ್ಲಿ ಓಡಿಸಬೇಡಿ. ಒಳಗಿನ ನೀರಿನ ಪಂಪಿನಲ್ಲಿ ರಬ್ಬರ್ ಎಲೆಗಳಿರುತ್ತವೆ. ನೀರಿಲ್ಲದೆ ತಿರುಗಿದರೆ ಅವು ಬಹಳ ಬೇಗ ಸುಟ್ಟು ಹರಿಯುತ್ತವೆ. ಆಮೇಲೆ ಎಂಜಿನ್ ಸ್ಟಾರ್ಟ್ ಆಗುತ್ತದೆ, ಆದರೆ ನಡುಕಡಲಿನಲ್ಲಿ ಬಿಸಿಯಾಗಿ ಹಿಡಿದುಕೊಳ್ಳುತ್ತದೆ.

## ಹಂತ 1: ಬಿಚ್ಚುವ ಮೊದಲು ಕಣ್ಣು ಮತ್ತು ಕೈ

ಇದಕ್ಕೆ ಎರಡು ನಿಮಿಷ ಸಾಕು. ಆದರೂ ಹೆಚ್ಚಿನವರು ಬಿಟ್ಟುಬಿಡುವುದು ಇದನ್ನೇ.

ಕೆಂಪು ಕ್ಲಿಪ್ ಜಾಗದಲ್ಲಿ ಇದೆಯಾ? ಸುರುಳಿ ಹಗ್ಗದ ತುದಿಯಲ್ಲಿರುವ ಈ ಕ್ಲಿಪ್ ಕಳಚಿದರೆ ಎಂಜಿನ್‌ನಲ್ಲಿ ಕಿಡಿಯೇ ಹುಟ್ಟುವುದಿಲ್ಲ. ಓಡಿಸುವವನು ನೀರಿಗೆ ಬಿದ್ದರೆ ಎಂಜಿನ್ ನಿಲ್ಲಲಿ ಅಂತಲೇ ಅದನ್ನು ಇಟ್ಟಿರುವುದು. ಬಲೆ ಎಳೆಯುವಾಗ ಕೈ ತಾಗಿ ಅರ್ಧ ಜಾರಿರುತ್ತದೆ, ನೋಡಿದರೆ ಸರಿಯಾಗಿಯೇ ಇದ್ದಂತೆ ಕಾಣುತ್ತದೆ. ಒಮ್ಮೆ ಪೂರ್ತಿ ತೆಗೆದು ಮತ್ತೆ ಒತ್ತಿ ಹಾಕಿ. ಕ್ಲಿಪ್ ಕಳೆದುಹೋಗಿದೆ ಅಂತ ಅಲ್ಲಿ ದಾರ ಸುತ್ತಿ ಇಟ್ಟುಕೊಂಡವರನ್ನು ನೋಡಿದ್ದೇನೆ. ದಯವಿಟ್ಟು ಹಾಗೆ ಮಾಡಬೇಡಿ. ಒಬ್ಬರೇ ಹೋದಾಗ ಬಿದ್ದರೆ ದೋಣಿ ನಿಮ್ಮನ್ನು ಬಿಟ್ಟು ಹೋಗಿಬಿಡುತ್ತದೆ.

ಗೇರ್ ನ್ಯೂಟ್ರಲ್‌ನಲ್ಲಿ ಇರಬೇಕು. ಗೇರ್‌ನಲ್ಲಿದ್ದರೆ ಬಹಳಷ್ಟು ಎಂಜಿನ್‌ಗಳಲ್ಲಿ ಹಗ್ಗವೇ ಬರುವುದಿಲ್ಲ. ಲಿವರ್ ನಡುವೆ ಇದ್ದರೂ ಒಳಗೆ ಪೂರ್ತಿ ಬಿಟ್ಟಿರದೆ ಇರಬಹುದು. ಮುಂದೆ ಹಿಂದೆ ಒಮ್ಮೆ ಆಡಿಸಿ ನಡುವಿಗೆ ತನ್ನಿ.

ಟ್ಯಾಂಕ್ ಮುಚ್ಚಳದ ಮೇಲಿನ ಗಾಳಿ ಸ್ಕ್ರೂ ತೆರೆದಿದೆಯಾ? ಇದು ಮುಚ್ಚಿದ್ದರೆ ಎಂಜಿನ್ ಐದು ಹತ್ತು ನಿಮಿಷ ಚೆನ್ನಾಗಿ ಓಡಿ ಆಮೇಲೆ ನಿಲ್ಲುತ್ತದೆ. ಮುಚ್ಚಳ ತೆಗೆದಾಗ "ಸುಸ್" ಅಂತ ಗಾಳಿ ಒಳಗೆ ಎಳೆದ ಸದ್ದು ಬಂದರೆ ಕಳ್ಳ ಸಿಕ್ಕಿದ ಹಾಗೆ.

ಈಗ ಟ್ಯಾಂಕ್‌ನಿಂದ ಎಂಜಿನ್‌ಗೆ ಹೋಗುವ ಪೈಪು. ಅದರ ನಡುವೆ ಇರುವ, ಕೈಯಲ್ಲಿ ಒತ್ತಿ ಪೆಟ್ರೋಲ್ ತಳ್ಳುವ ರಬ್ಬರ್ ಬಲ್ಬಿನ ಮೇಲಿನ ಬಾಣ ಎಂಜಿನ್ ಕಡೆ ಇರಬೇಕು. ಪೈಪನ್ನು ಎಂಜಿನ್‌ಗೆ ಸಿಕ್ಕಿಸುವ ಕೊಂಡಿ "ಟಕ್" ಅಂತ ಕೂರಬೇಕು. ಕ್ಯಾನ್ ಪೈಪಿನ ಮೇಲೆ ಕೂತಿರಬಾರದು, ಇಕ್ಕಟ್ಟಿನ ದೋಣಿಯಲ್ಲಿ ಇದು ಬಹಳ ಸಲ ಆಗುತ್ತದೆ. ಬಲ್ಬ್ ಒತ್ತುತ್ತಾ ಹೋಗಿ, ಬಾಣದ ತುದಿ ಮೇಲಕ್ಕೆ ಬರುವ ಹಾಗೆ ಹಿಡಿದು ಒತ್ತಿದರೆ ಬೇಗ ತುಂಬುತ್ತದೆ. ಅದು ಗಟ್ಟಿಯಾಗಬೇಕು. ಎಷ್ಟು ಒತ್ತಿದರೂ ಮೆತ್ತಗೇ ಇದ್ದರೆ ಎಲ್ಲೋ ಗಾಳಿ ಎಳೆಯುತ್ತಿದೆ, ಇಲ್ಲವೇ ಕಾರ್ಬ್ಯುರೇಟರ್ ಉಕ್ಕುತ್ತಿದೆ. ಒತ್ತಿದ ಬಲ್ಬ್ ಚಪ್ಪಟೆಯಾಗಿ ಹಾಗೇ ಉಳಿದರೆ ಟ್ಯಾಂಕ್ ಕಡೆ ಅಡಚಣೆ ಇದೆ. ಇದೊಂದು ನೆನಪಿಟ್ಟುಕೊಳ್ಳಿ, 6ನೇ ಹಂತದಲ್ಲಿ ಮತ್ತೆ ಬೇಕಾಗುತ್ತದೆ.

## ಹಂತ 2: ಒಳಗೆ ಇರುವುದು ಪೆಟ್ರೋಲೋ ಸೀಮೆಎಣ್ಣೆಯೋ

ಸೀಮೆಎಣ್ಣೆ ಎಂಜಿನ್ ಇಟ್ಟುಕೊಂಡವರು ಇಲ್ಲಿ ನಿಧಾನವಾಗಿ ಓದಿ. ಬೆಳಿಗ್ಗೆ ಸ್ಟಾರ್ಟ್ ಆಗದ ಎಂಜಿನ್‌ಗಳಲ್ಲಿ ನಾನು ಅತಿ ಹೆಚ್ಚು ಕಂಡ ಕಾರಣ ಇದೇ. ಹಿಂದಿನ ದಿನ ಸೀಮೆಎಣ್ಣೆಯಲ್ಲೇ ಓಡಿಸಿ ಸೀಮೆಎಣ್ಣೆಯಲ್ಲೇ ನಿಲ್ಲಿಸಿರುತ್ತಾರೆ.

ಪೆಟ್ರೋಲ್‌ನ ಆವಿ ಸೊನ್ನೆಗಿಂತ 40 ಡಿಗ್ರಿ ಕೆಳಗಿನ ಚಳಿಯಲ್ಲೂ ಕಿಡಿಗೆ ಹೊತ್ತಿಕೊಳ್ಳುತ್ತದೆ. ಸೀಮೆಎಣ್ಣೆಗೆ 35–40 ಡಿಗ್ರಿಯಾದರೂ ಬಿಸಿ ಬೇಕು. ಮಳೆಗಾಲದ ಬೆಳಗಿನ ಜಾವ ಎಂಜಿನ್ ಅಷ್ಟು ಬಿಸಿ ಎಲ್ಲಿರುತ್ತದೆ? ಕಿಡಿ ಬರುತ್ತದೆ, ಎಣ್ಣೆಯೂ ಬರುತ್ತದೆ, ಆದರೆ ಹೊತ್ತಿಕೊಳ್ಳುವುದಿಲ್ಲ. ನಮ್ಮನ್ನು ದಾರಿ ತಪ್ಪಿಸುವುದು ಇನ್ನೊಂದು ವಿಷಯ: ಬಿಸಿಯಿದ್ದಾಗ ಅದೇ ಎಂಜಿನ್ ಸೀಮೆಎಣ್ಣೆಯಲ್ಲೇ ಮತ್ತೆ ಸ್ಟಾರ್ಟ್ ಆಗಿರುತ್ತದೆ. "ನಿನ್ನೆ ಒಂದೇ ಎಳೆತಕ್ಕೆ ಬಂತಲ್ಲ ಮಾರಾಯ್ರೆ" ಅಂತಾರೆ. ನಿನ್ನೆ ಬಿಸಿ ಇತ್ತು, ಇವತ್ತು ತಣ್ಣಗಿದೆ.

ಸರಿ ಮಾಡುವುದು ಹೀಗೆ. ಕಾಕನ್ನು, ಅಂದರೆ ಪೆಟ್ರೋಲ್ ಸೀಮೆಎಣ್ಣೆ ಬದಲಿಸುವ ನಲ್ಲಿಯನ್ನು, ಪೆಟ್ರೋಲ್ ಕಡೆ ತಿರುಗಿಸಿ. ಕಾರ್ಬ್ಯುರೇಟರ್‌ನ ತಳದ ಬಟ್ಟಲಿಗೆ ಒಂದು ಸಣ್ಣ ಡ್ರೇನ್ ಸ್ಕ್ರೂ ಇರುತ್ತದೆ. ಕೆಳಗೆ ಬಾಟಲಿ ಹಿಡಿದು ಅದನ್ನು ಸಡಿಲಿಸಿ, ಒಳಗಿದ್ದದ್ದು ಪೂರ್ತಿ ಇಳಿಯಲಿ. ಕಾಕ್‌ನಿಂದ ಬಟ್ಟಲಿನವರೆಗಿನ ಪೈಪಿನಲ್ಲೂ ಸೀಮೆಎಣ್ಣೆ ಉಳಿದಿರುತ್ತದೆ ಅನ್ನುವುದನ್ನು ಮರೆಯಬೇಡಿ. ಹಾಗಾಗಿ ಪೆಟ್ರೋಲ್ ವಾಸನೆ ಮೂಗಿಗೆ ಬರುವವರೆಗೂ ಹರಿಯಲು ಬಿಡಿ, ಆಮೇಲೆ ಸ್ಕ್ರೂ ಬಿಗಿ ಮಾಡಿ. ಪ್ಲಗ್ ತೆಗೆದು ಒರೆಸಿ ಒಣಗಿಸಿ ಹಾಕಿ, ಯಾಕಂದರೆ ಅದರ ಮೇಲೂ ಸೀಮೆಎಣ್ಣೆ ಕೂತಿರುತ್ತದೆ. ಚೆಲ್ಲಿದ್ದನ್ನು ಬಟ್ಟೆಯಲ್ಲಿ ಒರೆಸಿ, ಆವಿ ಹೋಗುವವರೆಗೆ ಕಾದು ಹಗ್ಗ ಎಳೆಯಿರಿ.

ಮತ್ತೆ ಹೀಗಾಗದಿರಲು ಒಂದೇ ಅಭ್ಯಾಸ ಸಾಕು. ದಡ ಕಾಣುವಾಗಲೇ ಕಾಕ್ ಪೆಟ್ರೋಲ್‌ಗೆ ತಿರುಗಿಸಿ, ಕೊನೆಯ ಕೆಲವು ನಿಮಿಷ ಪೆಟ್ರೋಲ್‌ನಲ್ಲೇ ಓಡಿಸಿ ನಿಲ್ಲಿಸಿ. ಸ್ಟಾರ್ಟ್ ಮಾಡುವಾಗಲೂ ಅವಸರ ಬೇಡ, ಎಂಜಿನ್ ಬಿಸಿಯಾದ ಮೇಲೇ ಸೀಮೆಎಣ್ಣೆಗೆ ಬದಲಿಸಿ. ಬರೀ ಪೆಟ್ರೋಲ್‌ಗೆ ಮಾಡಿದ ಎಂಜಿನ್‌ಗೆ ಖರ್ಚು ಉಳಿಯುತ್ತದೆ ಅಂತ ಸೀಮೆಎಣ್ಣೆ ಹಾಕುವವರಿದ್ದಾರೆ. ಅದು ಒಳಗೆ ಬಡಿದುಕೊಂಡು ಪಿಸ್ಟನ್ ಹಾಳು ಮಾಡುತ್ತದೆ. ಬೇಡ.

## ಹಂತ 3: ಹಗ್ಗ ಎಳೆಯುವ ರೀತಿ

ಮೊದಲು ಹಗ್ಗವನ್ನು ನಿಧಾನಕ್ಕೆ ಎಳೆಯಿರಿ. ಒಳಗೆ ಹಲ್ಲು ಕಚ್ಚಿದ್ದು ಕೈಗೆ ಗೊತ್ತಾಗುತ್ತದೆ. ಅಲ್ಲಿಂದ ಒಂದೇ ಉಸಿರಿಗೆ ಜೋರಾಗಿ, ನೇರವಾಗಿ ಎಳೆಯಿರಿ. ಬಿಡುವಾಗ ಹಿಡಿಯನ್ನು ಕೈಯಿಂದಲೇ ಒಳಗೆ ಕಳಿಸಿ. ಥಟ್ಟನೆ ಬಿಟ್ಟರೆ ಸ್ಪ್ರಿಂಗ್ ಮುರಿಯುತ್ತದೆ.

ತಣ್ಣಗಿನ ಎಂಜಿನ್‌ಗೆ ಗಾಳಿ ಕಡಿಮೆ ಮಾಡುವ ಚೋಕ್ ಪೂರ್ತಿ ಎಳೆದು, ವೇಗ ಹೆಚ್ಚು ಕಡಿಮೆ ಮಾಡುವ ಥ್ರಾಟಲ್ ಗುರುತು ಹಾಕಿದ ಸ್ಟಾರ್ಟ್ ಜಾಗದಲ್ಲಿ ಇಡಿ. ಒಮ್ಮೆ "ಬುಸ್" ಅಂತ ಕೆಮ್ಮಿದ ಕೂಡಲೇ ಚೋಕ್ ಅರ್ಧ ಒಳಗೆ ತಳ್ಳಿ ಮತ್ತೆ ಎಳೆಯಿರಿ. ಬಿಸಿ ಎಂಜಿನ್‌ಗೆ ಚೋಕ್ ಬೇಡವೇ ಬೇಡ. ನಾಲ್ಕೈದು ಎಳೆತಕ್ಕೆ ಒಂದು ಕೆಮ್ಮೂ ಬರಲಿಲ್ಲ ಅಂದರೆ ನಿಲ್ಲಿಸಿ. ಆರನೇ ಎಳೆತದಿಂದ ಏನೂ ಬದಲಾಗುವುದಿಲ್ಲ. ಒಳಗೆ ಪೆಟ್ರೋಲ್ ಮಾತ್ರ ತುಂಬುತ್ತಾ ಹೋಗುತ್ತದೆ, ಜೊತೆಗೆ ನಿಮ್ಮ ಸೊಂಟವೂ ನೋಯುತ್ತದೆ.

ಪೆಟ್ರೋಲ್ ತುಂಬಿ ಉಕ್ಕಿದ ಗುರುತು ವಾಸನೆಯಲ್ಲೇ ಸಿಗುತ್ತದೆ. ಆಗ ಕೆಂಪು ಕ್ಲಿಪ್ ತೆಗೆಯಿರಿ, ಕಿಡಿ ಬರದಿರಲಿ ಅಂತ. ಪ್ಲಗ್ ಬಿಚ್ಚಿ, ಚೋಕ್ ಒಳಗೆ ತಳ್ಳಿ, ಥ್ರಾಟಲ್ ಪೂರ್ತಿ ತೆರೆದು ಹಗ್ಗವನ್ನು ಎಂಟು ಹತ್ತು ಸಲ ಎಳೆಯಿರಿ. ಪ್ಲಗ್ ತೂತಿನಿಂದ ಪೆಟ್ರೋಲ್ ಆವಿಯಾಗಿ ಹೊರಗೆ ಬರುತ್ತದೆ, ಮುಖ ಅಲ್ಲಿಗೆ ಒಡ್ಡಬೇಡಿ. ಹತ್ತು ನಿಮಿಷ ಹಾಗೇ ಬಿಟ್ಟು, ಒಣಗಿದ ಪ್ಲಗ್ ಹಾಕಿ, ಚೋಕ್ ಇಲ್ಲದೆ ಪ್ರಯತ್ನಿಸಿ.

## ಹಂತ 4: ಪ್ಲಗ್ ಏನು ಹೇಳುತ್ತಿದೆ

ಇಲ್ಲಿಂದ ದಾರಿ ಎರಡಾಗುತ್ತದೆ. ನಾಲ್ಕೈದು ಸಲ ಎಳೆದ ಮೇಲೆ ಪ್ಲಗ್ ಬಿಚ್ಚಿ ತುದಿ ನೋಡಿ. ಒರೆಸುವ ಮೊದಲು ನೋಡಿ. ಎರಡು ಸಿಲಿಂಡರ್ ಇದ್ದರೆ ಯಾವುದು ಮೇಲಿನದು, ಯಾವುದು ಕೆಳಗಿನದು ಅಂತ ಬೇರೆ ಬೇರೆ ಇಡಿ.

ತುದಿ ಒದ್ದೆಯಾಗಿದ್ದರೆ ಎಣ್ಣೆ, ಅಂದರೆ ಪೆಟ್ರೋಲೋ ಸೀಮೆಎಣ್ಣೆಯೋ, ಒಳಗೆ ಬರುತ್ತಿದೆ, ಹೊತ್ತಿಕೊಳ್ಳುತ್ತಿಲ್ಲ. ನೀವು ಮುಂದೆ ನೋಡಬೇಕಾದದ್ದು ಕಿಡಿ, ಅಂದರೆ 5ನೇ ಹಂತ. ಪ್ಲಗ್ ಒಣಗಿದ್ದರೆ ಎಣ್ಣೆಯೇ ತಲುಪುತ್ತಿಲ್ಲ, ನೇರ 6ನೇ ಹಂತಕ್ಕೆ ಹೋಗಿ. ಒದ್ದೆ ಇದೆ ಆದರೆ ನೀರಿನ ಹನಿಗಳಂತೆ ಗುಂಡಗೆ ನಿಂತಿದೆ ಅಂದರೆ ಅದು ನೀರೇ. ಬೆರಳಿಗೆ ಹಚ್ಚಿ ನೋಡಿ, ಪೆಟ್ರೋಲ್ ತಣ್ಣಗೆ ಆರಿಹೋಗುತ್ತದೆ, ನೀರು ಉಳಿಯುತ್ತದೆ. ಇದಕ್ಕೂ 6ನೇ ಹಂತವೇ.

ಕಪ್ಪು ಜಿಡ್ಡು ದಪ್ಪಗೆ ಕೂತಿದ್ದರೆ ಆಯಿಲ್ ಜಾಸ್ತಿಯಾಗಿದೆ, ಇಲ್ಲವೇ ತಪ್ಪು ಆಯಿಲ್ ಬಿದ್ದಿದೆ. ಸಾಮಾನ್ಯವಾಗಿ 50ಕ್ಕೆ 1 ಅಂದರೆ 5 ಲೀಟರ್ ಪೆಟ್ರೋಲ್‌ಗೆ 100 ಮಿಲಿ ಆಯಿಲ್ ಬೆರೆಸಬೇಕು. ಹೊಸ ಎಂಜಿನ್‌ಗೆ ಮೊದಲ ಕೆಲವು ಗಂಟೆ ಇದಕ್ಕಿಂತ ಜಾಸ್ತಿ ಹೇಳಿರುತ್ತಾರೆ. ನಿಮ್ಮ ಎಂಜಿನ್ ಪುಸ್ತಕ ಏನು ಹೇಳುತ್ತದೋ ಅದೇ ಕೊನೆಯ ಮಾತು. ಡಬ್ಬಿಯ ಮೇಲೆ ಟಿಸಿ-ಡಬ್ಲ್ಯೂ3 ಅಂತ ಇರುವ ಆಯಿಲ್ ತನ್ನಿ, ಅದು ನೀರಿನಲ್ಲಿ ತಣಿಯುವ ಟೂ-ಸ್ಟ್ರೋಕ್‌ಗಾಗಿಯೇ ಇರುವುದು. ಬೈಕಿನ ಎಂಜಿನ್ ಆಯಿಲ್ ಮನೆಯಲ್ಲಿ ಮಿಕ್ಕಿದೆ ಅಂತ ಹಾಕಬೇಡಿ. ಕಣ್ಣಂದಾಜಿನಲ್ಲಿ ಸುರಿಯುವುದೂ ಬೇಡ, ಅಳತೆಯ ಲೋಟ ಇಟ್ಟುಕೊಳ್ಳಿ.

ಪ್ಲಗ್ ಕೊಳ್ಳುವಾಗ ಒಂದು ಮಾತು. ಅಂಗಡಿಯವರು "ಇದೂ ಕೂರುತ್ತದೆ" ಅಂತ ಕೊಡುವ ಪ್ಲಗ್ ಕೂರುತ್ತದೆ ನಿಜ, ಆದರೆ ಕೆಲಸ ಬೇರೆ. ಎನ್‌ಜಿಕೆ ಕಂಪನಿಯ ಪ್ಲಗ್ ಮೇಲೆ ಬಿ7ಎಚ್‌ಎಸ್-10 ಅಂತ ಇದ್ದರೆ ಆ 7 ಅನ್ನುವುದು ಶಾಖದ ಲೆಕ್ಕ. ಅಂಕೆ ದೊಡ್ಡದಾದಷ್ಟೂ ಪ್ಲಗ್ ತಣ್ಣಗಿನದು, ಅಂದರೆ ಬಿಸಿಯನ್ನು ಬೇಗ ಬಿಟ್ಟುಕೊಡುವಂಥದು. ಕೊನೆಯ 10 ಅಂದರೆ ತುದಿಯ ಅಂತರ 1 ಮಿಲಿಮೀಟರ್. ಸೀಮೆಎಣ್ಣೆ ಎಂಜಿನ್‌ಗೆ ತಣ್ಣಗಿನ ಪ್ಲಗ್ ಹಾಕಿದರೆ ಮಸಿ ಸುಟ್ಟು ಹೋಗದೆ ಕಟ್ಟಿಕೊಳ್ಳುತ್ತಲೇ ಇರುತ್ತದೆ. ಹಳೇ ಪ್ಲಗ್ ಜೇಬಿನಲ್ಲಿ ಹಾಕಿಕೊಂಡು ಹೋದರೂ ಸಾಲದು, ಅದನ್ನೇ ಯಾರೋ ತಪ್ಪು ಹಾಕಿರಬಹುದು. ಪುಸ್ತಕದಲ್ಲಿರುವ ನಂಬರ್ ಬರೆದುಕೊಂಡು ಹೋಗಿ.

## ಹಂತ 5: ಕಿಡಿ ಬರುತ್ತಿದೆಯಾ

ಮೊದಲು ಸುತ್ತ ಚೆಲ್ಲಿದ ಪೆಟ್ರೋಲ್ ಪೂರ್ತಿ ಒರೆಸಿ. ಪ್ಲಗ್ ತೂತಿಗೆ ಒಣ ಬಟ್ಟೆ ತುರುಕಿ. ಕಿಡಿ ಮತ್ತು ಆವಿ ಒಂದೇ ಕಡೆ ಸೇರಿದರೆ ಮುಖ ಸುಡುತ್ತದೆ. ಈ ಮಾತನ್ನು ಸುಮ್ನೆ ಹೇಳುತ್ತಿಲ್ಲ.

ಪ್ಲಗ್ಗನ್ನು ಅದರ ವಯರ್ ತುದಿಯ ಕ್ಯಾಪಿಗೆ ಸಿಕ್ಕಿಸಿ, ರಬ್ಬರ್ ಹಿಡಿಯ ಇಕ್ಕಳದಲ್ಲಿ ಹಿಡಿದು, ಅದರ ತಿರುಪಿನ ಗೀರು ಇರುವ ಲೋಹದ ಭಾಗವನ್ನು ಎಂಜಿನ್‌ನ ಬಣ್ಣ ಇಲ್ಲದ ಲೋಹಕ್ಕೆ ಒತ್ತಿ ಹಿಡಿಯಿರಿ. ಪ್ಲಗ್ ತೂತಿನಿಂದ ಆದಷ್ಟು ದೂರ. ಕೆಂಪು ಕ್ಲಿಪ್ ಹಾಕಿರಲಿ. ಇನ್ನೊಬ್ಬರು ಹಗ್ಗ ಎಳೆಯಲಿ. ನೆರಳಿನಲ್ಲಿ ನೋಡಿ, ಬಿಸಿಲಿನಲ್ಲಿ ಒಳ್ಳೆಯ ಕಿಡಿಯೂ ಕಾಣುವುದಿಲ್ಲ. ನೀಲಿಯಾಗಿ "ಚಟ್" ಅಂತ ಸದ್ದು ಮಾಡಿದರೆ ಕಿಡಿ ಗಟ್ಟಿ ಇದೆ. ತೆಳ್ಳಗೆ ಹಳದಿಯಾಗಿದ್ದರೆ ಸೊರಗಿದೆ. ಕ್ಯಾಪನ್ನು ಎಲ್ಲಿಗೂ ತಾಗಿಸದೆ ಗಾಳಿಯಲ್ಲಿ ತೂಗಾಡಿಸಿ ಹಗ್ಗ ಎಳೆಯಬೇಡಿ, ಕಿಡಿಯನ್ನು ನಿಯಂತ್ರಿಸುವ ಸಿಡಿಐ ಯೂನಿಟ್ ಸುಡಬಹುದು.

ಒಂದು ಸಿಲಿಂಡರ್‌ನಲ್ಲಿ ಮಾತ್ರ ಕಿಡಿ ಇಲ್ಲದಿದ್ದರೆ ಎರಡೂ ಪ್ಲಗ್ ಅದಲು ಬದಲು ಮಾಡಿ. ತೊಂದರೆ ಪ್ಲಗ್ ಜೊತೆ ಹೋದರೆ ಪ್ಲಗ್ ಕೆಟ್ಟಿದೆ. ತೊಂದರೆ ಅಲ್ಲೇ ಉಳಿದರೆ ಕ್ಯಾಪ್, ವಯರ್ ಅಥವಾ ಕಿಡಿಗೆ ವಿದ್ಯುತ್ ಕೊಡುವ ಕಾಯಿಲ್ ಕೆಟ್ಟಿದೆ. ಕ್ಯಾಪನ್ನು ವಯರ್‌ನಿಂದ ತಿರುಗಿಸಿ ತೆಗೆದು ನೋಡಿ, ಒಳಗೆ ಹಸಿರು ಕಿಲುಬು ಕಟ್ಟಿದ್ದರೆ ವಯರ್ ತುದಿ ಸ್ವಲ್ಪ ಕತ್ತರಿಸಿ ಮತ್ತೆ ತಿರುಗಿಸಿ ಹಾಕಿ.

ಎರಡರಲ್ಲೂ ಕಿಡಿ ಇಲ್ಲದಿದ್ದರೆ ತಕ್ಷಣ ಸಿಡಿಐ ತರಲು ಓಡಬೇಡಿ. ಅದು ದುಬಾರಿ ಸಾಮಾನು, ಮತ್ತು ಬಹಳ ಸಲ ಅದರ ತಪ್ಪೇ ಇರುವುದಿಲ್ಲ. ಮೊದಲು ಸ್ಟಾಪ್ ಸ್ವಿಚ್ ನೋಡಿ. ಉಪ್ಪುನೀರು ಕುಡಿದ ಸ್ವಿಚ್ ಒಳಗೊಳಗೇ ಶಾರ್ಟ್ ಆಗಿ ಎಂಜಿನ್‌ಗೆ "ನಿಲ್ಲು" ಅಂತ ಹೇಳುತ್ತಲೇ ಇರುತ್ತದೆ. ಸ್ವಿಚ್‌ನಿಂದ ಬರುವ ಎರಡು ವಯರ್‌ಗಳ ಕನೆಕ್ಟರ್ ಕಳಚಿ, ಮತ್ತೆ ಕಿಡಿ ಪರೀಕ್ಷೆ ಮಾಡಿ. ಈಗ ಕಿಡಿ ಬಂದರೆ ಸ್ವಿಚ್ ಕೆಟ್ಟಿದೆ ಅಂತ ಖಾತ್ರಿ. ಹೀಗೆ ಕಳಚಿ ಓಡಿಸಿದರೆ ಎಂಜಿನ್ ಸ್ವಿಚ್‌ನಿಂದ ನಿಲ್ಲುವುದಿಲ್ಲ, ಚೋಕ್ ಪೂರ್ತಿ ಎಳೆದು ನಿಲ್ಲಿಸಬೇಕು, ಕೆಂಪು ಕ್ಲಿಪ್ ಕೂಡ ಕೆಲಸ ಮಾಡುವುದಿಲ್ಲ. ದಡಕ್ಕೆ ಬರುವಷ್ಟು ಮಾತ್ರ, ಮರುದಿನ ಹಾಗೇ ಕಡಲಿಗೆ ಹೋಗಬೇಡಿ.

ಒಮ್ಮೆ ಗಂಗೊಳ್ಳಿ ಅಳಿವೆಯ ಹತ್ತಿರ ನಮ್ಮದೇ ಎಂಜಿನ್ ಹೀಗೆ ನಿಂತಿತ್ತು. ಎರಡು ಪ್ಲಗ್ ಬದಲಿಸಿ, ಕಾಯಿಲ್ ಬಿಚ್ಚಿ, ಮಧ್ಯಾಹ್ನ ಕಳೆದ ಮೇಲೆ ಆ ವಯರ್ ಕಳಚಿದ್ದು. ಮೊದಲ ಎಳೆತಕ್ಕೇ ಬಂತು. ಆವತ್ತಿನಿಂದ ನಾನು ಕಾಯಿಲ್ ಕಡೆ ನೋಡುವ ಮೊದಲು ಸ್ವಿಚ್ ನೋಡುತ್ತೇನೆ.

ಅದೂ ಅಲ್ಲದಿದ್ದರೆ ಅರ್ಥ್ ವಯರ್ ಬೋಲ್ಟ್ ಸಡಿಲ ಇದೆಯಾ, ಕನೆಕ್ಟರ್‌ಗಳಲ್ಲಿ ಕಿಲುಬು ಇದೆಯಾ ನೋಡಿ. ಎಮರಿ ಪೇಪರ್‌ನಲ್ಲಿ ಉಜ್ಜಿ ಹೊಳಪು ಬರಿಸಿ ಬಿಗಿ ಮಾಡಿ. ಇದರ ಆಚೆಗಿನ ಪಲ್ಸರ್ ಕಾಯಿಲ್, ಸಿಡಿಐ ಎಲ್ಲ ಮೀಟರ್ ಇಟ್ಟು ನೋಡುವ ಕೆಲಸ, ಮೆಕ್ಯಾನಿಕ್‌ಗೆ ಬಿಡಿ.

## ಹಂತ 6: ಎಣ್ಣೆಯ ದಾರಿ, ಟ್ಯಾಂಕ್‌ನಿಂದ ಕಾರ್ಬ್ಯುರೇಟರ್‌ವರೆಗೆ

ಕಾರ್ಬ್ಯುರೇಟರ್ ಈ ದಾರಿಯ ಕೊನೆಯಲ್ಲಿದೆ, ಆದರೆ ಎಲ್ಲರೂ ಅಲ್ಲಿಂದಲೇ ಶುರು ಮಾಡುತ್ತಾರೆ. ನೀವು ಟ್ಯಾಂಕ್‌ನಿಂದ ಬನ್ನಿ.

ಡ್ರೇನ್ ಸ್ಕ್ರೂ ತೆರೆದು ಬಂದದ್ದನ್ನು ಗಾಜಿನ ಬಾಟಲಿಯಲ್ಲಿ ಹಿಡಿಯಿರಿ. ಹತ್ತು ನಿಮಿಷ ಅಲುಗಾಡಿಸದೆ ಇಡಿ. ತಳದಲ್ಲಿ ಬೇರೆ ಪದರ ನಿಂತರೆ ಅದು ನೀರು. ಮಳೆ, ಅಲೆ, ಮುಚ್ಚಳದ ಸಡಿಲ ವಾಷರ್, ನೀರು ಹೇಗೂ ಬರುತ್ತದೆ. ಈಗ ಪಂಪಿನಲ್ಲಿ ಸಿಗುವ ಪೆಟ್ರೋಲ್‌ನಲ್ಲಿ 20 ಶೇಕಡಾದವರೆಗೆ ಎಥನಾಲ್ ಇರುತ್ತದೆ, ಅದು ನಮ್ಮ ಕರಾವಳಿಯ ಗಾಳಿಯ ತೇವವನ್ನೂ ಹೀರುತ್ತದೆ. ನೀರು ಜಾಸ್ತಿಯಾದಾಗ ಎಥನಾಲ್ ನೀರಿನ ಜೊತೆ ಸೇರಿ ತಳಕ್ಕೆ ಇಳಿದುಬಿಡುತ್ತದೆ. ಪೈಪು ಎಳೆಯುವುದು ತಳದಿಂದಲೇ ಅಲ್ವಾ? ಅಂಥ ಪೆಟ್ರೋಲ್ ಕುಲುಕಿದರೆ ಸರಿಹೋಗುವುದಿಲ್ಲ. ಪೂರ್ತಿ ತೆಗೆದು, ಟ್ಯಾಂಕ್ ತೊಳೆದು ಒಣಗಿಸಿ, ಹೊಸದು ಹಾಕಿ. ತೆಗೆದದ್ದನ್ನು ನದಿಗೆ ಸುರಿಯಬೇಡಿ, ಮೀನು ಹಿಡಿಯುವ ನೀರು ಅದು. ಎರಡು ಮೂರು ತಿಂಗಳು ಕೂತ ಪೆಟ್ರೋಲ್‌ನಲ್ಲಿ ಸ್ಟಾರ್ಟ್ ಮಾಡುವ ಆಸೆಯನ್ನೇ ಬಿಡಿ.

ಡ್ರೇನ್ ತೆರೆದು ಬಲ್ಬ್ ಒತ್ತಿದರೂ ಬಟ್ಟಲಿನಿಂದ ಏನೂ ಬರಲಿಲ್ಲವಾ? ಹಿಂದಕ್ಕೆ ಹೋಗಿ. ಎಂಜಿನ್ ಕವರ್ ಒಳಗಿನ ಸಣ್ಣ ಫಿಲ್ಟರ್‌ನ ಬಟ್ಟಲು ಬಿಚ್ಚಿ ತೊಳೆಯಿರಿ. ಟ್ಯಾಂಕ್ ಒಳಗಿನ ಪೈಪಿನ ತುದಿಯ ಜಾಲರಿಯಲ್ಲಿ ಕಸ ಇದೆಯಾ ನೋಡಿ. ಪೈಪನ್ನು ಬೆರಳಲ್ಲಿ ಬಗ್ಗಿಸಿ, ಬಿರುಕು ಕಂಡರೆ ಬದಲಿಸಿ, ಟೇಪ್ ಸುತ್ತಿ ಹೋಗಬೇಡಿ. ಪೆಟ್ರೋಲ್ ಹೊರಗೆ ಸೋರದಿದ್ದರೂ ಬಿರುಕಿನಿಂದ ಗಾಳಿ ಒಳಗೆ ಹೋಗುತ್ತದೆ.

ಎಂಜಿನ್ ಸ್ಟಾರ್ಟ್ ಆಗಿ ಒಂದೆರಡು ನಿಮಿಷಕ್ಕೆ ಸಾಯುತ್ತದೆ, ಆದರೆ ಯಾರಾದರೂ ಬಲ್ಬ್ ಒತ್ತುತ್ತಾ ಕೂತರೆ ಓಡುತ್ತದೆ ಅಂದರೆ ಎಂಜಿನ್ ಪಕ್ಕದ ಫ್ಯುಯೆಲ್ ಪಂಪಿನ ಒಳಗಿನ ತೆಳು ಹಾಳೆ ಹರಿದಿದೆ. ಕಿಟ್ ಸಿಗುತ್ತದೆ, ನಾಲ್ಕು ಸ್ಕ್ರೂ ಕೆಲಸ. ಹಾಳೆಗಳನ್ನು ತೆಗೆದ ಸಾಲಿನಲ್ಲೇ ಜೋಡಿಸಲು ಮೊದಲೇ ಫೋಟೋ ಹೊಡೆದುಕೊಳ್ಳಿ.

ಇಷ್ಟೂ ಸರಿ ಇದ್ದರೆ ಈಗ ಕಾರ್ಬ್ಯುರೇಟರ್. ನೀರಿನ ಮೇಲೆ ಬಿಚ್ಚಬೇಡಿ. ಪೆಟ್ರೋಲ್ ಹಾಯುವ ಸಣ್ಣ ತೂತಿನ ಹಿತ್ತಾಳೆ ತುಂಡು, ಅಂದರೆ ಜೆಟ್, ಒಂದು ಜಾರಿ ಬಿದ್ದರೆ ಮುಗಿಯಿತು. ದಡದಲ್ಲಿ ಬಿಳಿ ಬಟ್ಟೆ ಹಾಸಿ ಕೂತು ಬಿಚ್ಚಿ. ನಿಧಾನ ಓಟದ ಮಿಶ್ರಣ ಹೊಂದಿಸುವ ಪೈಲಟ್ ಸ್ಕ್ರೂ ತೆಗೆಯುವ ಮೊದಲು ಅದನ್ನು ಮೆಲ್ಲಗೆ ಒಳಗೆ ತಿರುಗಿಸಿ, ಕೂರುವವರೆಗೆ ಎಷ್ಟು ಸುತ್ತು ಅಂತ ಎಣಿಸಿ ಬರೆದಿಡಿ, ಆಮೇಲೆ ತೆಗೆಯಿರಿ. ಜೋಡಿಸುವಾಗ ಅಷ್ಟೇ ಸುತ್ತು ಹೊರಗೆ. ಈ ಲೆಕ್ಕ ಬಿಟ್ಟವರೇ "ಕ್ಲೀನ್ ಮಾಡಿದ ಮೇಲೆ ಇನ್ನೂ ಹಾಳಾಯ್ತು" ಅನ್ನುವುದು. ಜೆಟ್‌ನ ತೂತಿಗೆ ಸೂಜಿ, ತಂತಿ ಹಾಕಬೇಡಿ, ಹಿತ್ತಾಳೆ ಮೆತ್ತಗಿರುತ್ತದೆ, ತೂತು ದೊಡ್ಡದಾದರೆ ಲೆಕ್ಕವೇ ತಪ್ಪುತ್ತದೆ. ಕಾರ್ಬ್ಯುರೇಟರ್ ಕ್ಲೀನರ್ ಸ್ಪ್ರೇ ಹೊಡೆದು, ಗಾಳಿ ಊದಿ, ಬೆಳಕಿಗೆ ಹಿಡಿದು ನೋಡಿ. ಗುಂಡಗೆ ಬೆಳಕು ಕಾಣಬೇಕು. ಬಟ್ಟಲಿನಲ್ಲಿ ತೇಲುವ ಫ್ಲೋಟ್ ಮೇಲೆ ಕೆಳಗೆ ಸಲೀಸಾಗಿ ಆಡುತ್ತಿದೆಯಾ, ಅದರ ಸೂಜಿಯ ತುದಿ ಸವೆದಿದೆಯಾ ನೋಡಿ. ಬಲ್ಬ್ ಗಟ್ಟಿಯಾಗದೆ ಪೆಟ್ರೋಲ್ ಉಕ್ಕುತ್ತಿದ್ದರೆ ತಪ್ಪು ಆ ಸೂಜಿಯದೇ.

## ಹಂತ 7: ಒಳಗಿನ ಒತ್ತಡ

ಕಿಡಿ ಇದೆ, ಎಣ್ಣೆ ಇದೆ, ಆದರೂ ಇಲ್ಲ. ಆಗ ಕಂಪ್ರೆಷನ್. ಹಗ್ಗ ಎಂದಿಗಿಂತ ಹಗುರವಾಗಿ ಬರುತ್ತಿದ್ದರೆ ಅನುಮಾನ ಪಡಿ. ಕೆಂಪು ಕ್ಲಿಪ್ ತೆಗೆದು, ಪ್ಲಗ್ ಬಿಚ್ಚಿ, ತೂತಿನ ಮೇಲೆ ಹೆಬ್ಬೆರಳು ಒತ್ತಿ ಹಗ್ಗ ಎಳೆಸಿ. ಬೆರಳನ್ನು ತಳ್ಳಿ ಗಾಳಿ ನುಗ್ಗಬೇಕು. ಸರಿಯಾದ ಲೆಕ್ಕಕ್ಕೆ ಗೇಜ್ ಬೇಕು: ಥ್ರಾಟಲ್ ಪೂರ್ತಿ ತೆರೆದು ನಾಲ್ಕೈದು ಸಲ ಎಳೆದು ನೋಡಿ. ಎರಡು ಸಿಲಿಂಡರ್ ನಡುವೆ 10 ಶೇಕಡಾಕ್ಕಿಂತ ಜಾಸ್ತಿ ವ್ಯತ್ಯಾಸ ಇದ್ದರೆ ರಿಂಗ್ ಅಥವಾ ಗ್ಯಾಸ್ಕೆಟ್ ಹೋಗಿರುವ ಸಾಧ್ಯತೆ ಇದೆ. ಇದು ಮನೆಯಲ್ಲಿ ಸರಿ ಮಾಡುವ ಕೆಲಸವಲ್ಲ.

## ಎಂಜಿನ್ ನೀರಿಗೆ ಬಿದ್ದಿದ್ದರೆ

ಇಲ್ಲಿ ಸಾಲು ಬೇರೆ, ಸಮಯವೇ ಎಲ್ಲ. ಮೇಲೆತ್ತಿದ ಕೂಡಲೇ ಸಿಹಿನೀರಿನಲ್ಲಿ ಹೊರಗೂ ಒಳಗೂ ತೊಳೆಯಿರಿ. ಪ್ಲಗ್ ಬಿಚ್ಚಿ, ತೂತು ಕೆಳಗಾಗುವ ಹಾಗೆ ಮಲಗಿಸಿ, ಹಗ್ಗ ನಿಧಾನಕ್ಕೆ ಎಳೆಯುತ್ತಾ ನೀರು ಹೊರಗೆ ಬರುವವರೆಗೆ ತಿರುಗಿಸಿ. ಕಾರ್ಬ್ಯುರೇಟರ್ ಬಟ್ಟಲು ಖಾಲಿ ಮಾಡಿ. ಪ್ಲಗ್ ತೂತಿನಿಂದ ಸ್ವಲ್ಪ ಟೂ-ಸ್ಟ್ರೋಕ್ ಆಯಿಲ್ ಬಿಟ್ಟು ಮತ್ತೆ ತಿರುಗಿಸಿ. ಅದೇ ದಿನ, ಸಾಧ್ಯವಾದರೆ ಒಂದೆರಡು ಗಂಟೆಯೊಳಗೇ ಸ್ಟಾರ್ಟ್ ಮಾಡಿ ಅರ್ಧ ಗಂಟೆ ಓಡಿಸಬೇಕು. ಗಾಳಿ ತಾಗಿದ ಮೇಲೆ ಒಳಗಿನ ಬೇರಿಂಗ್ ತುಕ್ಕು ಹಿಡಿಯಲು ಹೆಚ್ಚು ಹೊತ್ತು ಬೇಡ. ತಿರುಗಿಸುವಾಗ ಕರಕರ ಸದ್ದು ಬಂದರೆ ಮರಳು ಹೋಗಿದೆ, ಅಲ್ಲೇ ನಿಲ್ಲಿಸಿ ಮೆಕ್ಯಾನಿಕ್ ಹತ್ತಿರ ಒಯ್ಯಿರಿ. ಓಡುತ್ತಿರುವಾಗಲೇ ಬಿದ್ದಿದ್ದರೆ ಕನೆಕ್ಟಿಂಗ್ ರಾಡ್ ಬಗ್ಗಿರಬಹುದು. ಹಗ್ಗ ಬಿಗಿ ಅನಿಸಿದರೆ ಒತ್ತಾಯ ಮಾಡಬೇಡಿ.

## ಕೈ ತೆಗೆಯಬೇಕಾದ ಹೊತ್ತು

ಹಗ್ಗ ಅರ್ಧಕ್ಕೇ ಗಕ್ಕನೆ ನಿಂತರೆ ಇಬ್ಬರು ಸೇರಿ ಎಳೆಯಬೇಡಿ. ಪ್ಲಗ್ ಬಿಚ್ಚಿ ನಿಧಾನಕ್ಕೆ ತಿರುಗಿಸಿ. ಒಳಗೆ ತುಂಬಿದ ನೀರೋ ಪೆಟ್ರೋಲೋ ಹೊರಬಂದು ಸಲೀಸಾದರೆ ಒಳ್ಳೆಯದಾಯಿತು. ಪ್ಲಗ್ ಇಲ್ಲದೆಯೂ ತಿರುಗದಿದ್ದರೆ ಪಿಸ್ಟನ್ ಹಿಡಿದುಕೊಂಡಿದೆ. ಸ್ಟಾರ್ಟ್ ಆದ ಮೇಲೆ ಎಂಜಿನ್ ತಣಿಸಿ ಹೊರಬರುವ ನೀರಿನ ಎಳೆ ಹಿಂದಿನಿಂದ ಬರದಿದ್ದರೆ ಕೂಡಲೇ ನಿಲ್ಲಿಸಿ. ಮೊದಲು ಆ ತೂತಿನಲ್ಲಿ ಉಪ್ಪು, ಮರಳು ಕಟ್ಟಿದೆಯಾ ಅಂತ ತೆಳು ತಂತಿಯಲ್ಲಿ ಚುಚ್ಚಿ ನೋಡಿ. ಆಗಲೂ ನೀರು ಬರದಿದ್ದರೆ ನೀರಿನ ಪಂಪ್ ಹೋಗಿದೆ.

ಮೆಕ್ಯಾನಿಕ್ ಹತ್ತಿರ ಹೋದಾಗ "ಸ್ಟಾರ್ಟ್ ಆಗ್ತಿಲ್ಲ ಅಣ್ಣ" ಅಂದರೆ ಅವರೂ ಮೊದಲಿನಿಂದ ಶುರು ಮಾಡಬೇಕು. ಬದಲಿಗೆ ಇಷ್ಟು ಹೇಳಿ: ಪ್ಲಗ್ ಒದ್ದೆ ಇತ್ತೋ ಒಣಗಿತ್ತೋ, ಕಿಡಿ ಎರಡರಲ್ಲೂ ಇದೆಯೋ ಒಂದರಲ್ಲೋ, ಸ್ಟಾಪ್ ವಯರ್ ಕಳಚಿ ನೋಡಿದಿರೋ ಇಲ್ಲವೋ, ಬಾಟಲಿಯಲ್ಲಿ ನೀರು ಕಂಡಿತೋ, ಕೊನೆಯ ಸಲ ಯಾವ ಎಣ್ಣೆಯಲ್ಲಿ ನಿಲ್ಲಿಸಿದಿರಿ. ಬಿಚ್ಚಿದ ಹಳೇ ಪ್ಲಗ್‌ಗಳನ್ನು ಒರೆಸದೆ, ಯಾವುದು ಯಾವ ಸಿಲಿಂಡರ್‌ನದು ಅಂತ ಗುರುತು ಹಾಕಿ, ಜೊತೆಗೇ ಒಯ್ಯಿರಿ.